ಹೆಸರು ಒಬ್ಬನದು, ಮುದ್ರೆ ಹಲವರದು: ಪೌಲ್ ಮೌಸರ್ ಬದುಕನ್ನು ಅವನ ರೈಫಲ್ ಮೇಲೆ ಓದುವುದು ಹೇಗೆ?

ಇಂಜಿನಿಯರಿಂಗ್ ಮೊದಲ ವರ್ಷದ ವರ್ಕ್‌ಶಾಪ್ ನೆನಪಿದೆಯಾ? ಒಂದು ಚಪ್ಪಟೆ ಕಬ್ಬಿಣದ ತುಂಡು ಕೈಗಿಟ್ಟು, ಅರ ಹಿಡಿದು ಉಜ್ಜಿ ವಿ ಆಕಾರ ತೆಗೀರಿ ಅಂತಿದ್ದರು. ಅಂಗೈಯಲ್ಲಿ ಬೊಬ್ಬೆ ಬರುವ ತನಕ ಉಜ್ಜಿದ ಮೇಲೆ ಕೊನೆಯದೊಂದು ಕೆಲಸ ಇರುತ್ತಿತ್ತು. ನಂಬರ್ ಪಂಚ್ ಇಟ್ಟು, ಸುತ್ತಿಗೆಯಿಂದ ಒಂದೇ ಏಟು ಹೊಡೆದು ನಮ್ಮ ರೋಲ್ ನಂಬರ್ ಮೂಡಿಸುವುದು. ಎರಡನೇ ಏಟು ಬಿತ್ತೋ, ಅಂಕಿ ಎರಡೆರಡಾಗಿ ಕಾಣೋದು. ನನ್ನ ಜಾಬ್‌ನಲ್ಲಿ 7 ಯಾವಾಗಲೂ ಓರೆ. ಅದನ್ನು ನೋಡಿಯೇ ನಮ್ಮ ಮೇಷ್ಟ್ರು ಇದು ನಿಂದೇ ಅಂತ ಗುರುತು ಹಿಡೀತಿದ್ದರು.

ಮೊನ್ನೆ ಆ ಓರೆ 7 ಮತ್ತೆ ನೆನಪಾಯಿತು. ಅದೇ ವರ್ಕ್‌ಶಾಪ್‌ನಲ್ಲಿ ನನ್ನ ಪಕ್ಕದ ವೈಸ್ ಹಿಡಿದಿದ್ದ ಗೆಳೆಯ ಈಗ ಅಮೆರಿಕದಲ್ಲಿದ್ದಾನೆ. ಸೇನೆಗಳು ಬಿಟ್ಟುಕೊಟ್ಟ ಹಳೆ ರೈಫಲ್‌ಗಳನ್ನು ಕೊಂಡು ಕೂಡಿಡುವುದು ಅಲ್ಲಿ ದೊಡ್ಡ ಹವ್ಯಾಸ. ಇವನಿಗೂ ಆ ಹುಚ್ಚು ಹತ್ತಿದೆ. ವಿಡಿಯೋ ಕಾಲ್‌ನಲ್ಲಿ ಹೊಸದಾಗಿ ಕೊಂಡ ಜರ್ಮನ್ ರೈಫಲ್ ತೋರಿಸಿದ. ನಳಿಗೆ ಬಂದು ಕೂರುವ ಉಕ್ಕಿನ ಗೂಡಿಗೆ ರಿಸೀವರ್ ಅಂತಾರೆ. ಅದರ ನೆತ್ತಿಯ ಮೇಲೆ ಬಿ-ವೈ-ಎಫ್ ಅನ್ನೋ ಮೂರು ಸಣ್ಣ ಅಕ್ಷರ, ಅದರ ಕೆಳಗೆ 43. ಪಕ್ಕದಲ್ಲಿ ಹದ್ದಿನ ಮುದ್ರೆಗಳು. ಎಡಗಡೆ ಒಂದು ದೊಡ್ಡ ಗುಣಾಕಾರ ಚಿಹ್ನೆ. ಬೋಲ್ಟ್ ಮೇಲೆ ಕಾರ್ಖಾನೆಯ ನಂಬರ್ ಒಂದು, ಅದಕ್ಕೆ ತಾಳೆಯೇ ಇಲ್ಲದ ಇನ್ನೊಂದು ನಂಬರನ್ನು ಯಾರೋ ವಿದ್ಯುತ್ ಪೆನ್ಸಿಲ್‌ನಲ್ಲಿ ಗೀಚಿದ್ದಾರೆ.

ಬಿ-ವೈ-ಎಫ್ ಅಂದರೆ ಜರ್ಮನಿಯ ಓಬರ್ನ್‌ಡಾರ್ಫ್ ಊರಿನ ಮೌಸರ್ ಕಾರ್ಖಾನೆ. 43 ಅಂದರೆ 1943. ಮೌಸರ್ ಅನ್ನೋ ಹೆಸರು ಆ ರೈಫಲ್ ಮೇಲೆ ಎಲ್ಲೂ ಇಲ್ಲ. ಆ ಹೆಸರಿನ ಮನುಷ್ಯ ಸತ್ತು ಆಗಲೇ 29 ವರ್ಷ ಆಗಿತ್ತು. ಅವನು ಯಾರು, ಅವನ ಹೆಸರು ಆ ಲೋಹದ ಮೇಲಿಂದ ಎಲ್ಲಿ ಹೋಯಿತು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ತಿದ್ದೇನೆ.

ಮಠದಲ್ಲಿದ್ದ ಬಂದೂಕಿನ ಕಾರ್ಖಾನೆ

ಪೀಟರ್ ಪೌಲ್ ಮೌಸರ್ ಹುಟ್ಟಿದ್ದು 1838ರ ಜೂನ್ 27ರಂದು, ನೆಕಾರ್ ನದಿ ದಂಡೆಯ ಓಬರ್ನ್‌ಡಾರ್ಫ್‌ನಲ್ಲಿ. ಆಗ ಜರ್ಮನಿ ಅನ್ನೋ ಒಂದೇ ದೇಶ ಇರಲಿಲ್ಲ. ಆ ಊರು ವ್ಯೂರ್ಟೆಂಬರ್ಗ್ ಎಂಬ ಸಣ್ಣ ರಾಜ್ಯದಲ್ಲಿತ್ತು. ಅಲ್ಲಿನ ಹಳೆಯ ಅಗಸ್ಟೀನಿಯನ್ ಮಠದ ಕಟ್ಟಡವನ್ನು ರಾಜ 1811ರಲ್ಲೇ ಬಂದೂಕಿನ ಕಾರ್ಖಾನೆ ಮಾಡಿದ್ದ. ಪೌಲ್‌ನ ಅಪ್ಪ ಅಲ್ಲಿಯೇ ಕೋವಿ ಕೆಲಸಗಾರ. ದೊಡ್ಡ ಕುಟುಂಬ, ಸಣ್ಣ ಸಂಬಳ. ಅಣ್ಣ ವಿಲ್ಹೆಲ್ಮ್, ತಮ್ಮ ಪೌಲ್ ಇಬ್ಬರೂ ಬೆಳೆದಿದ್ದು ಅರ, ಸುತ್ತಿಗೆ, ಕುಲುಮೆಗಳ ನಡುವೆ.

1859ರಲ್ಲಿ ಪೌಲ್‌ನನ್ನು ಕಡ್ಡಾಯ ಸೇನಾ ಸೇವೆಗೆ ಕರೆದು ಲುಡ್ವಿಗ್ಸ್‌ಬರ್ಗ್‌ನ ಶಸ್ತ್ರಾಗಾರಕ್ಕೆ ಹಾಕಿದರು. ಹುಡುಗನ ಕೈಚಳಕ ಕಂಡ ಅಧಿಕಾರಿಗಳು ಅದೇ ವರ್ಷದ ಕೊನೆಗೆ ಅವನನ್ನು ಓಬರ್ನ್‌ಡಾರ್ಫ್ ಕಾರ್ಖಾನೆಗೇ ವಾಪಸ್ ಕಳಿಸಿದರು. ಆ ಕಾಲಕ್ಕೆ ಎಲ್ಲರ ಬಾಯಲ್ಲೂ ಪ್ರಷ್ಯಾ ಸೇನೆಯ ಡ್ರೈಸೆ ರೈಫಲ್‌ದೇ ಮಾತು. ಬಾಗಿಲ ಚಿಲಕದ ಹಾಗೆ ಹಿಡಿಯನ್ನು ಎತ್ತಿ, ಹಿಂದಕ್ಕೆಳೆದು, ಕಾಗದದ ತೋಟಾ ಇಟ್ಟು, ಮುಂದಕ್ಕೆ ತಳ್ಳಿ ಮುಚ್ಚುವ ಬಂದೂಕು ಅದು. ಆದರೆ ಹೊಡೆದಾಗ ಬಿಸಿ ಅನಿಲ ಹಿಂದಿನಿಂದ ಸೋರುತ್ತಿತ್ತು.

ಪೌಲ್ ಆ ಚಿಲಕವನ್ನೇ ಹಿಡಿದು ಕೂತ. ಹಿಡಿಯನ್ನು ಮೇಲೆತ್ತುವ ಚಲನೆಯಲ್ಲೇ ಒಳಗಿನ ಸ್ಪ್ರಿಂಗ್ ಬಿಗಿದುಕೊಳ್ಳುವ ಹಾಗೆ ಮಾಡಿದ. ಕಾಗದದ ತೋಟಾದ ಬದಲು ಲೋಹದ ತೋಟಾ ತಂದ. ಪುಸ್ತಕದಿಂದ ಕಲಿತದ್ದಲ್ಲ ಇದು, ಉಜ್ಜಿ ಉಜ್ಜಿ ಕಂಡುಕೊಂಡದ್ದು. ನಮ್ಮ ವರ್ಕ್‌ಶಾಪ್ ಮೇಷ್ಟ್ರು ಕಂಡಿದ್ದರೆ ಇವನಿಗೆ ಪೂರ್ತಿ ಅಂಕ ಕೊಡ್ತಿದ್ದರು.

ಆದರೆ ಕೊಳ್ಳುವವರೇ ಇಲ್ಲ. 1867ರಲ್ಲಿ ಸ್ಯಾಮ್ಯುಯಲ್ ನಾರಿಸ್ ಎಂಬ ಅಮೆರಿಕನ್ ಏಜೆಂಟ್ ಅಣ್ಣತಮ್ಮಂದಿರನ್ನು ಬೆಲ್ಜಿಯಂನ ಲಿಯೇಜ್‌ಗೆ ಕರೆದುಕೊಂಡು ಹೋದ. ಮರುವರ್ಷ ಅಮೆರಿಕದಲ್ಲಿ ಪೇಟೆಂಟ್ ಆಯಿತು, ಅದರಲ್ಲಿ ನಾರಿಸ್ ಹೆಸರೂ ಸೇರಿತ್ತು. ವ್ಯವಹಾರ ಕುದುರಲಿಲ್ಲ. ಇಬ್ಬರೂ ಬರಿಗೈಯಲ್ಲಿ ಊರಿಗೆ ಮರಳಿದರು. ತನ್ನ ಕೈಕೆಲಸದ ಮೇಲೆ ಇನ್ನೊಬ್ಬರ ಹೆಸರು ಬೀಳುವ ಅನುಭವ ಪೌಲ್‌ಗೆ ಆದ ಮೊದಲ ಸಲ ಅದು.

ಸೋತವನು ಗೆದ್ದ ಕತೆ

1871ರಲ್ಲಿ ಜರ್ಮನಿ ಒಂದು ದೇಶವಾಯಿತು. ಹೊಸ ಸಾಮ್ರಾಜ್ಯಕ್ಕೆ ಹೊಸ ರೈಫಲ್ ಬೇಕಿತ್ತು, ಮೌಸರ್ ವಿನ್ಯಾಸ ಆಯ್ಕೆಯಾಯಿತು. ಅದೇ ಮಾಡೆಲ್ 1871. ಹಾಗಂತ ರಾತ್ರೋರಾತ್ರಿ ಶ್ರೀಮಂತರಾದರು ಅಂದುಕೊಳ್ಳಬೇಡಿ. ರೈಫಲ್ ತಯಾರಿಸುವ ಕೆಲಸ ಸರ್ಕಾರಿ ಕಾರ್ಖಾನೆಗಳಿಗೆ ಹೋಯಿತು. ಅಣ್ಣತಮ್ಮಂದಿರಿಗೆ ಮೊದಲು ಸಿಕ್ಕಿದ್ದು ಗುರಿ ಹಿಡಿಯುವ ಸೈಟ್‌ಗಳನ್ನು ಮಾಡಿಕೊಡುವ ಸಣ್ಣ ಗುತ್ತಿಗೆ ಅಷ್ಟೇ.

ಆಮೇಲೆ ವ್ಯೂರ್ಟೆಂಬರ್ಗ್ ಸರ್ಕಾರದಿಂದ 1,00,000 ರೈಫಲ್‌ಗಳ ಆರ್ಡರ್ ಬಂತು. 1874ರಲ್ಲಿ ಸ್ಟುಟ್‌ಗಾರ್ಟ್‌ನ ಒಂದು ಬ್ಯಾಂಕ್ ಜೊತೆ ಸೇರಿ, ಅಪ್ಪ ಕೂಲಿ ಮಾಡಿದ್ದ ಅದೇ ರಾಜನ ಕಾರ್ಖಾನೆಯನ್ನು ಮಕ್ಕಳು ಕೊಂಡುಕೊಂಡರು. ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ ಹಾಕಬಹುದಿತ್ತು.

1882ರಲ್ಲಿ ವಿಲ್ಹೆಲ್ಮ್ ತೀರಿಕೊಂಡ. ಊರೂರು ಸುತ್ತಿ ಮಂತ್ರಿಗಳ ಬಾಗಿಲು ತಟ್ಟಿ ಆರ್ಡರ್ ತರುತ್ತಿದ್ದವನು ಅವನೇ. ಎರಡು ವರ್ಷದಲ್ಲಿ ಕಂಪನಿ ಷೇರು ಕಂಪನಿಯಾಯಿತು. 1887ರಲ್ಲಿ ತುರ್ಕಿಯ ಸುಲ್ತಾನ 5,00,000 ರೈಫಲ್ ಮತ್ತು 50,000 ಕಾರ್ಬೈನ್‌ಗಳಿಗೆ ಆರ್ಡರ್ ಕೊಟ್ಟ. ಅಷ್ಟು ದೊಡ್ಡ ಕೆಲಸಕ್ಕೆ ಬರ್ಲಿನ್‌ನ ಲುಡ್ವಿಗ್ ಲೋವೆ ಕಂಪನಿ ಜೊತೆಯಾಯಿತು. ಅದೇ ವರ್ಷ ಮುಗಿಯುವಷ್ಟರಲ್ಲಿ ಕಾರ್ಖಾನೆಯ ಷೇರುಗಳು ಲೋವೆ ಕೈ ಸೇರಿದ್ದವು. ಪೌಲ್ ತಾಂತ್ರಿಕ ಮುಖ್ಯಸ್ಥನಾಗಿ ಉಳಿದ. ಗೇಟಿನ ಮೇಲೆ ಅವನ ಹೆಸರು, ಒಳಗೆ ಮಾಲೀಕ ಬೇರೆ.

ತುರ್ಕಿಗೆ ಹೋದ ಆ ರೈಫಲ್‌ಗಳ ಮೇಲೆ ಸುಲ್ತಾನನ ತುಘ್ರಾ, ಅಂದರೆ ಬಳ್ಳಿಯಂತೆ ಸುತ್ತಿಕೊಂಡ ರಾಜಮುದ್ರೆ ಇದೆ. ಕಾರ್ಖಾನೆಯ ಹೆಸರು ಅರಬ್ಬಿ ಲಿಪಿಯಲ್ಲಿದೆ. ಸಂಗ್ರಾಹಕರು ಇವತ್ತಿಗೂ ಆ ಬಳ್ಳಿ ನೋಡಿಯೇ ಅದು ಎಲ್ಲಿಗೆ ಹೋದ ಮಾಲು ಅಂತ ಹೇಳ್ತಾರೆ. ಗಿರಾಕಿ ಯಾರೋ ಮುದ್ರೆ ಅವರದು. ಚಿಲಿಗೆ ಹೋದದ್ದಕ್ಕೆ ಚಿಲಿಯ ಲಾಂಛನ.

1888ರಲ್ಲಿ ದೊಡ್ಡ ಅವಮಾನ ಕಾದಿತ್ತು. ಜರ್ಮನ್ ಸೇನೆ ತನ್ನ ಹೊಸ ರೈಫಲನ್ನು ಒಂದು ಸಮಿತಿಯಿಂದ ಮಾಡಿಸಿಕೊಂಡಿತು. ಮೌಸರ್‌ನನ್ನು ಕೇಳಲೇ ಇಲ್ಲ. ಅವನು ಹಟಕ್ಕೆ ಬಿದ್ದವನಂತೆ ಹೊರದೇಶಗಳಿಗೆ ಒಂದಾದ ಮೇಲೊಂದು ಮಾದರಿ ಮಾಡಿದ. ಬೆಲ್ಜಿಯಂ, ಅರ್ಜೆಂಟೀನಾ, ಸ್ಪೇನ್, ಸ್ವೀಡನ್. ಸ್ಪೇನ್‌ಗೆ ಮಾಡಿದ 1893ರ ಮಾದರಿಯಲ್ಲಿ ಐದು ತೋಟಾಗಳು ರೈಫಲ್ ಹೊಟ್ಟೆಯೊಳಗೇ ಎಡಬಲ ಜೋಡಿಸಿಕೊಂಡು ಕೂರುತ್ತಿದ್ದವು, ಹೊರಗೆ ಏನೂ ಚಾಚಿಕೊಂಡಿರುತ್ತಿರಲಿಲ್ಲ. 1898ರಲ್ಲಿ ಕ್ಯೂಬಾದ ಸಾನ್ ಹುವಾನ್ ಗುಡ್ಡದಲ್ಲಿ ಅಮೆರಿಕದ ಸೈನಿಕರು ಅದರ ಏಟು ತಿಂದರು. ಆಮೇಲೆ ಅಮೆರಿಕ ತನ್ನ ಹೊಸ ರೈಫಲನ್ನು ಮೌಸರ್ ವಿನ್ಯಾಸಕ್ಕೆ ಎಷ್ಟು ಹತ್ತಿರ ಮಾಡಿತೆಂದರೆ, ಕೊನೆಗೆ ಪೇಟೆಂಟ್ ಶುಲ್ಕ ಅಂತ 2,00,000 ಡಾಲರ್ ಕಟ್ಟಿಕೊಡಬೇಕಾಯಿತು.

ದಕ್ಷಿಣ ಆಫ್ರಿಕಾದ ಬೋಯರ್ ರೈತರೂ ಬ್ರಿಟಿಷರ ವಿರುದ್ಧ ಎತ್ತಿಕೊಂಡಿದ್ದು ಮೌಸರ್‌ಗಳನ್ನೇ. ಆ ರೈಫಲ್‌ಗಳ ಮರದ ಹಿಡಿಯ ಮೇಲೆ ಚಾಕುವಿನಿಂದ ಕೊರೆದ ಹೆಸರುಗಳಿವೆ. ಬಂದೂಕು ಹಿಡಿದವನು ತಾನೇ ಹಾಕಿಕೊಂಡ ಗುರುತು ಅದೊಂದೇ. ಮಿಕ್ಕಿದ್ದೆಲ್ಲ ಸರ್ಕಾರದ್ದು, ಕಂಪನಿಯದ್ದು.

ಕಿರೀಟದ ಕೆಳಗಿನ ಅಕ್ಷರ

1898ರ ಏಪ್ರಿಲ್ 5ರಂದು ಜರ್ಮನ್ ಸೇನೆ ಸೋತು ಮೌಸರ್ ಬಳಿಗೇ ಬಂತು. ಗೆವೇರ್ 98 ಅಂಗೀಕಾರವಾಯಿತು. ಗುಂಡು ಹಾರುವಾಗಿನ ಒತ್ತಡ ತಡೆಯಲು ಬೋಲ್ಟ್ ಮುಂಭಾಗದಲ್ಲಿ ಎರಡು ಹಲ್ಲು, ಅವು ಕೈಕೊಟ್ಟರೆ ಇರಲಿ ಅಂತ ಹಿಂಭಾಗದಲ್ಲಿ ಮೂರನೆಯದು. ತೋಟಾ ಒಡೆದರೆ ಅನಿಲ ಸೈನಿಕನ ಮುಖಕ್ಕೆ ಬಡಿಯದ ಹಾಗೆ ಹೊರಹೋಗಲು ತೂತುಗಳು. ಇಂದಿಗೂ ಬೇಟೆಯ ರೈಫಲ್‌ಗಳಲ್ಲಿ ಈ ವಿನ್ಯಾಸ ಜೀವಂತವಾಗಿದೆ. ಅದೇ ವರ್ಷ ಮೌಸರ್ ಜರ್ಮನ್ ಸಂಸತ್ತಿಗೂ ಆಯ್ಕೆಯಾದ, 1903ರ ತನಕ ಸದಸ್ಯನಾಗಿದ್ದ. ಸೇನೆಗೆ ಬಂದೂಕು ಮಾಡುವವನೇ ಸೇನೆಯ ಬಜೆಟ್ ಮಂಜೂರು ಮಾಡುವ ಸಭೆಯಲ್ಲಿ! ಹಿತಾಸಕ್ತಿ ಸಂಘರ್ಷ ಅನ್ನೋ ಪದ ನಮಗೆ ಹೊಸದಿರಬಹುದು, ವಿಷಯ ಹಳೆಯದು.

ಈ ಗೆವೇರ್ 98 ಮೇಲಿನ ಗುರುತುಗಳನ್ನು ಓದೋದು ಒಂದು ವಿದ್ಯೆ. ನೆತ್ತಿಯ ಮೇಲೆ ಕಿರೀಟ, ಕೆಳಗೆ ಕಾರ್ಖಾನೆ ಇದ್ದ ಊರು ಅಥವಾ ಕಂಪನಿ: ಸ್ಪಾಂಡಾವ್, ಎರ್ಫುರ್ಟ್, ಡಾನ್‌ಜಿಗ್, ಆಂಬರ್ಗ್, ಓಬರ್ನ್‌ಡಾರ್ಫ್‌ನ ಮೌಸರ್. ಅದರ ಕೆಳಗೆ ವರ್ಷ. ಎಡ ಮಗ್ಗುಲಲ್ಲಿ ಹಳೆ ಜರ್ಮನ್ ಅಕ್ಷರಗಳಲ್ಲಿ ಮಾದರಿಯ ಹೆಸರು. ನಂಬರು 10,000 ತಲುಪಿದ ಮೇಲೆ ಮತ್ತೆ ಮೊದಲಿನಿಂದ, ಆದರೆ ಪಕ್ಕದಲ್ಲಿ ಎ. ಅದೂ ಮುಗಿದರೆ ಬಿ. ಪೂರ್ತಿ ನಂಬರು ದೊಡ್ಡ ಭಾಗಗಳ ಮೇಲೆ, ಕೊನೆಯ ಎರಡಂಕಿ ಸ್ಕ್ರೂ ತಲೆಗಳ ಮೇಲೂ. ಪ್ರತಿ ಭಾಗದ ಮೇಲೆ ಪುಟ್ಟ ಕಿರೀಟ, ಅದರ ಕೆಳಗೆ ಒಂದು ಅಕ್ಷರ. ಅದು ಆ ಭಾಗವನ್ನು ಪರೀಕ್ಷಿಸಿದ ತಪಾಸಣಾಧಿಕಾರಿಯ ಗುರುತು. ತಪ್ಪಾದರೆ ಯಾರನ್ನು ಹಿಡಿಯಬೇಕು ಅಂತ ಸರ್ಕಾರಕ್ಕೆ ಗೊತ್ತಿರಬೇಕಲ್ಲ?

ಈ ಲೆಕ್ಕದಲ್ಲಿ ಅರ ಹಿಡಿದ ಕೂಲಿಯ ಹೆಸರಿಗೆ ಜಾಗವಿಲ್ಲ. ಮೌಸರ್ ಹೆಸರಿನಲ್ಲಿ ಜಗತ್ಪ್ರಸಿದ್ಧವಾದ 1896ರ ಪಿಸ್ತೂಲನ್ನು ನಿಜಕ್ಕೂ ರೂಪಿಸಿದವರು ಅದೇ ಕಾರ್ಖಾನೆಯ ಫೀಡರ್ಲೆ ಸಹೋದರರು. ಪೇಟೆಂಟ್ ಆದದ್ದು ಮೌಸರ್ ಹೆಸರಿಗೆ. ನಾರಿಸ್ ತನಗೆ ಮಾಡಿದ್ದನ್ನೇ ಅವನು ಬೇರೆಯವರಿಗೆ ಮಾಡಿದ. ಅವನ ಬದುಕಿನಲ್ಲಿ ನನಗೆ ಅತ್ಯಂತ ಬೇಜಾರು ತಂದ ಭಾಗ ಇದು.

1901ರಲ್ಲಿ ತಾನಾಗಿಯೇ ತೋಟಾ ತುಂಬಿಕೊಳ್ಳುವ ರೈಫಲನ್ನು ಪರೀಕ್ಷಿಸುವಾಗ ಅವಘಡವಾಗಿ ಮೌಸರ್ ಒಂದು ಕಣ್ಣು ಕಳೆದುಕೊಂಡ. ಆದರೂ ಕೆಲಸ ಬಿಡಲಿಲ್ಲ. 1912ರಲ್ಲಿ ವ್ಯೂರ್ಟೆಂಬರ್ಗ್ ರಾಜ ಅವನನ್ನು ಕುಲೀನನನ್ನಾಗಿ ಮಾಡಿದ. ಕೋವಿ ಕೆಲಸಗಾರನ ಮಗ ಪೌಲ್ ಫಾನ್ ಮೌಸರ್ ಆದ. 1914ರ ಮೇ 29ರಂದು ತೀರಿಕೊಂಡ. ಸರಿಯಾಗಿ 30 ದಿನದ ನಂತರ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾಯಿತು. ತಾನು ಜೀವಮಾನವಿಡೀ ತಿದ್ದಿದ ಯಂತ್ರ ಏನು ಮಾಡಬಲ್ಲದು ಅಂತ ಪೂರ್ತಿ ನೋಡುವ ಮೊದಲೇ ಅವನು ಹೊರಟುಹೋದ.

ಕಲ್ಕತ್ತದಲ್ಲಿ ನಂಬರು ಹೇಳಿದ ಸಾಕ್ಷಿ

ಮೌಸರ್ ಸತ್ತು ಮೂರು ತಿಂಗಳೂ ಆಗಿರಲಿಲ್ಲ. 1914ರ ಆಗಸ್ಟ್ 26ರಂದು ಕಲ್ಕತ್ತದ ಬಂದೂಕು ವ್ಯಾಪಾರಿ ರೊಡ್ಡಾ ಕಂಪನಿಯ ಗುಮಾಸ್ತ ಶ್ರೀಶ್ ಚಂದ್ರ ಮಿತ್ರ ಬಂದರಿನಿಂದ 202 ಪೆಟ್ಟಿಗೆ ಬಿಡಿಸಿಕೊಂಡ. ಗೋದಾಮಿಗೆ ತಲುಪಿದ್ದು 192. ಉಳಿದ 10 ಪೆಟ್ಟಿಗೆ ಕ್ರಾಂತಿಕಾರಿಗಳ ಕೈ ಸೇರಿದವು. ಒಳಗಿದ್ದದ್ದು 50 ಮೌಸರ್ ಪಿಸ್ತೂಲು, 46,000 ಗುಂಡು. ಮರುವರ್ಷ ಬಾಲಾಸೋರ್‌ನಲ್ಲಿ ಬಾಘಾ ಜತೀನ್ ಮತ್ತು ಸಂಗಾತಿಗಳು ಪೊಲೀಸರನ್ನು ಎದುರಿಸಿದಾಗ ಕೈಯಲ್ಲಿದ್ದದ್ದು ಮೌಸರ್ ಪಿಸ್ತೂಲುಗಳೇ.

ಆದರೆ ಪ್ರತಿ ಪಿಸ್ತೂಲಿನ ಮೇಲೂ ಕಾರ್ಖಾನೆಯ ನಂಬರ್ ಇತ್ತು, ಆ ನಂಬರು ಕಂಪನಿಯ ಪುಸ್ತಕದಲ್ಲೂ ಇತ್ತು. 1918ರ ರೌಲಟ್ ಸಮಿತಿ ವರದಿ ಈ 50ರಲ್ಲಿ 44 ಪಿಸ್ತೂಲುಗಳು ಒಂಬತ್ತು ಗುಂಪುಗಳಿಗೆ ಹಂಚಿಕೆಯಾದವು, 54 ಪ್ರಕರಣಗಳಲ್ಲಿ ಬಳಕೆಯಾದವು ಅಂತ ಲೆಕ್ಕ ಕೊಟ್ಟಿತು. ಅದೇ ವರದಿಯ ಬೆನ್ನಿಗೆ 1919ರ ಕರಾಳ ರೌಲಟ್ ಕಾಯ್ದೆ ಬಂತು. ಓಬರ್ನ್‌ಡಾರ್ಫ್‌ನ ಯಾವನೋ ಕೆಲಸಗಾರ ಹೊಡೆದ ಪಂಚ್ ಏಟು ನಮ್ಮ ಸ್ವಾತಂತ್ರ್ಯ ಚಳವಳಿಯ ಪೊಲೀಸ್ ಕಡತದ ತನಕ ಬಂದದ್ದು ಹೀಗೆ.

ಹೆಸರು ಅಳಿಸಿದವರು

ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತಿತು. ವರ್ಸೇಲ್ಸ್ ಒಪ್ಪಂದ ಅದರ ಶಸ್ತ್ರಾಸ್ತ್ರಗಳಿಗೆ ಕಡಿವಾಣ ಹಾಕಿತು. ಉಳಿಸಿಕೊಂಡ ರೈಫಲ್‌ಗಳು ಕಾನೂನುಬದ್ಧ ಅಂತ ತೋರಿಸಲು ಅವುಗಳ ಮೇಲೆ 1920 ಅಂತ ಇನ್ನೊಂದು ಮುದ್ರೆ ಬಿತ್ತು. ಒಂದೇ ರಿಸೀವರ್ ಮೇಲೆ 1916, ಅದರ ಪಕ್ಕ 1920. ಹೊಸಬರು ಯಾವುದು ಹುಟ್ಟಿದ ವರ್ಷ ಅಂತ ತಲೆ ಕೆರೆದುಕೊಳ್ಳೋದು ಇಲ್ಲೇ. ಸೇನೆಗೆ ಸಣ್ಣ ಶಸ್ತ್ರ ಮಾಡುವ ಅನುಮತಿ ಮೌಸರ್‌ಗೆ ಸಿಗಲಿಲ್ಲ, ಸೂಲ್ ಊರಿನ ಸಿಮ್ಸನ್ ಕಂಪನಿಗೆ ಸಿಕ್ಕಿತು. ಸಿಮ್ಸನ್ ಯಹೂದಿ ಕುಟುಂಬದ ಕಂಪನಿ.

ಆಮೇಲೆ ನಾಜಿಗಳು ಬಂದರು. ಒಪ್ಪಂದ ಮುರಿದು ಗುಟ್ಟಾಗಿ ಶಸ್ತ್ರ ಮಾಡುವಾಗ ಕಾರ್ಖಾನೆಯ ಹೆಸರು ಹಾಕಲಾಗುತ್ತದೆಯೇ? ಮೌಸರ್ ಬದಲು ಎಸ್/42 ಅನ್ನೋ ಸಂಕೇತ ಬಂತು. ವರ್ಷದ ಬದಲೂ ಅಕ್ಷರ: 1934ಕ್ಕೆ ಕೆ, 1935ಕ್ಕೆ ಜಿ. ಗುಟ್ಟು ಬಯಲಾದ ಮೇಲೆ ವರ್ಷ ಮರಳಿ ಬಂತು, ಹೆಸರು ಬರಲಿಲ್ಲ. ಯುದ್ಧ ಬಿರುಸಾದಾಗ ಅದೇ 42 ಹೋಗಿ ಬಿ-ವೈ-ಎಫ್ ಆಯಿತು, 1945ರಲ್ಲಿ ಎಸ್-ವಿ-ಡಬ್ಲ್ಯೂ.

ಸಿಮ್ಸನ್ ಕುಟುಂಬದ ಕಾರ್ಖಾನೆಯನ್ನು 1930ರ ದಶಕದ ಮಧ್ಯದಲ್ಲಿ ನಾಜಿಗಳು ಕಿತ್ತುಕೊಂಡರು. ಮೊದಲು ಬಿ-ಎಸ್-ಡಬ್ಲ್ಯೂ ಅನ್ನೋ ಹೊಸ ಹೆಸರು, ಕೊನೆಗೆ ಗುಸ್ಟ್‌ಲೋಫ್ ಎಂಬ ನಾಜಿ ಮುಖಂಡನ ಹೆಸರಿನ ಉದ್ಯಮದಲ್ಲಿ ವಿಲೀನ. ಅದೇ ಗುಸ್ಟ್‌ಲೋಫ್ ಉದ್ಯಮದ ವೈಮಾರ್ ಕಾರ್ಖಾನೆಯ ರೈಫಲ್‌ಗಳ ಮೇಲೆ ಬಿ-ಸಿ-ಡಿ ಅಂತಿರುತ್ತದೆ. ಹತ್ತಿರದಲ್ಲೇ ಇದ್ದದ್ದು ಬೂಕನ್‌ವಾಲ್ಡ್ ಯಾತನಾ ಶಿಬಿರ. ಶಿಬಿರದ ಪಕ್ಕಕ್ಕೇ ಕಾರ್ಖಾನೆಯ ಶಾಖೆ ಕಟ್ಟಿ ಕೈದಿಗಳನ್ನು ದುಡಿಸಿದರು. ಆಸ್ಟ್ರಿಯಾದ ಸ್ಟೈಯರ್ ಕಂಪನಿಯ ಬಿ-ಎನ್-ಜಡ್ ರೈಫಲ್‌ಗಳ ಹಿಂದೆ ಗೂಸೆನ್ ಶಿಬಿರದ ಕೈದಿಗಳ ದುಡಿಮೆ ಇದೆ. ಓಬರ್ನ್‌ಡಾರ್ಫ್‌ನಲ್ಲೂ ಹೊರದೇಶಗಳಿಂದ ಎಳೆದು ತಂದ ಸಾವಿರಾರು ಜನರ ಬಲವಂತದ ದುಡಿಮೆ ನಡೆಯಿತು. ರೈಫಲ್ ಮೇಲೆ ಹದ್ದು ಇದೆ, ತಪಾಸಣಾಧಿಕಾರಿಯ ನಂಬರಿದೆ, ಕೈದಿಯ ಗುರುತಿಲ್ಲ. ಆದರೆ ಬಿ-ಸಿ-ಡಿ ಮತ್ತು 44 ಎರಡನ್ನೂ ಒಟ್ಟಿಗೆ ಓದಬಲ್ಲವನಿಗೆ ಆ ಕೈದಿ ಕಾಣುತ್ತಾನೆ. ಅಡಗಿಸಲು ಮಾಡಿದ ಸಂಕೇತವೇ ಈಗ ಸಾಕ್ಷಿ.

ಇನ್ನು ನನ್ನ ಗೆಳೆಯನ ರೈಫಲ್ ಮೇಲಿನ ಗುಣಾಕಾರ ಚಿಹ್ನೆ. ಸೋವಿಯತ್ ಸೇನೆ ವಶಪಡಿಸಿಕೊಂಡ ಜರ್ಮನ್ ರೈಫಲ್‌ಗಳ ಗುರುತು ಅದು. ಸಾವಿರಗಟ್ಟಲೆ ರೈಫಲ್‌ಗಳನ್ನು ಬಿಚ್ಚಿ, ಭಾಗಗಳನ್ನು ರಾಶಿ ಹಾಕಿ, ಕೈಗೆ ಸಿಕ್ಕಿದ್ದನ್ನು ಜೋಡಿಸಿ, ತಾಳೆಯಾಗಲಿ ಅಂತ ನಂಬರು ಗೀಚಿ, ಗ್ರೀಸ್ ಮೆತ್ತಿ ಗೋದಾಮಿನಲ್ಲಿಟ್ಟರು. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಅವು ಅಮೆರಿಕದ ಮಾರುಕಟ್ಟೆಗೆ ಬಂದವು. ಇನ್ನೊಂದು ಕವಲೂ ಇದೆ: ಇಸ್ರೇಲ್ ಹುಟ್ಟಿದ 1948ರಲ್ಲಿ ಅದರ ಸೈನಿಕರ ಕೈಗೆ ಚೆಕೊಸ್ಲೊವಾಕಿಯಾದಿಂದ ಬಂದದ್ದು ಇದೇ ಮಾದರಿ. ನಾಜಿ ಹದ್ದಿನ ಪಕ್ಕದಲ್ಲೇ ಹೀಬ್ರೂ ಅಕ್ಷರ ಹೊತ್ತ ರೈಫಲ್‌ಗಳಿವೆ. ಯಂತ್ರಕ್ಕೆ ಸಿದ್ಧಾಂತವಿಲ್ಲ ಅನ್ನೋರು ಇದನ್ನೇ ಉದಾಹರಣೆ ಕೊಡ್ತಾರೆ. ಯಂತ್ರಕ್ಕಿಲ್ಲ, ಸರಿ. ಅದರ ಮೇಲೆ ಮುದ್ರೆ ಒತ್ತಿದ ಪ್ರತಿಯೊಬ್ಬನಿಗೂ ಇತ್ತಲ್ಲ?

ಯುದ್ಧದ ನಂತರ ಫ್ರೆಂಚರು ಓಬರ್ನ್‌ಡಾರ್ಫ್ ಕಾರ್ಖಾನೆಯ ಯಂತ್ರಗಳನ್ನು ಬಿಚ್ಚಿ ಸಾಗಿಸಿದರು. 1949ರಲ್ಲಿ ಅದೇ ಊರಲ್ಲಿ, ಮೌಸರ್‌ನ ಹಳೆ ಇಂಜಿನಿಯರುಗಳೇ ಹೆಕ್ಲರ್ ಅಂಡ್ ಕಾಕ್ ಕಟ್ಟಿದರು. ನಮ್ಮ ಎನ್‌ಎಸ್‌ಜಿ ಕಮಾಂಡೋಗಳ ಎಂಪಿ5 ಗನ್ನು ಆ ಕಂಪನಿಯ ವಿನ್ಯಾಸ.

ಉಜ್ಜಿಬಿಡಲಾ?

ಗೆಳೆಯನಿಗೆ ಎರಡು ಯೋಚನೆ ಇತ್ತು. ಒಂದು, ಹದ್ದಿನ ಕಾಲಡಿಯ ಸ್ವಸ್ತಿಕವನ್ನು ಅರ ಹಾಕಿ ಉಜ್ಜಿಬಿಡೋದು. ಮನೆಗೆ ಬರುವ ಅತಿಥಿಗಳಿಗೆ ಕಸಿವಿಸಿ ಆಗುತ್ತಂತೆ. ಇನ್ನೊಂದು, ಬೋಲ್ಟ್ ಮೇಲಿನ ಹಳೆ ನಂಬರ್ ಅಳಿಸಿ, ರಿಸೀವರ್‌ಗೆ ತಾಳೆಯಾಗುವ ನಂಬರನ್ನು ಕಾರ್ಖಾನೆಯದೇ ಅನ್ನೋ ಹಾಗೆ ಹೊಡೆಸೋದು. ಎಲ್ಲ ನಂಬರೂ ಒಂದೇ ಆಗಿರುವ ರೈಫಲ್‌ಗೆ ಸಂಗ್ರಾಹಕರ ಪೇಟೆಯಲ್ಲಿ ಬೆಲೆ ಜಾಸ್ತಿ. ಹಾಗೆ ನಕಲಿ ಮಾಡುವವರೂ ಬೇಕಾದಷ್ಟು ಇದ್ದಾರೆ.

ನಾನು ಬೇಡ ಅಂದೆ. ನಮ್ಮಲ್ಲಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಬಂದೂಕಿನ ಗುರುತು ಅಳಿಸೋದೇ ಅಪರಾಧ. ಆದರೆ ನಾನು ಬೇಡ ಅಂದದ್ದು ಕಾನೂನಿಗೆ ಹೆದರಿ ಅಲ್ಲ. ಸ್ವಸ್ತಿಕ ಉಜ್ಜಿದರೆ ಅದು ಬರೀ ಒಂದು ಒಳ್ಳೆ ಯಂತ್ರ ಆಗಿಬಿಡುತ್ತದೆ. ನಂಬರು ತಾಳೆ ಮಾಡಿದರೆ ಅದು ಯುದ್ಧವನ್ನೇ ಕಾಣದ ಬಂದೂಕು ಆಗಿಬಿಡುತ್ತದೆ. ಎರಡೂ ಸುಳ್ಳು. ಪಠ್ಯಪುಸ್ತಕದಿಂದ ಹಾಳೆ ಕೀಳೋದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ.

ಪತ್ರಿಕೋದ್ಯಮಕ್ಕೆ ಬರುವ ಮೊದಲು ಎರಡು ವರ್ಷ ನಾನು ಡಿಸೈನ್ ಕೆಲಸ ಮಾಡಿದ್ದೆ. ಹಾಳೆಯ ಬಲಮೂಲೆಯ ಟೈಟಲ್ ಬ್ಲಾಕ್‌ನಲ್ಲಿ ಬರೆದವರು, ಪರಿಶೀಲಿಸಿದವರು, ಒಪ್ಪಿದವರು ಅಂತ ಮೂರು ಖಾನೆ. ಮೊದಲನೆಯದರಲ್ಲಿ ನನ್ನ ಹೆಸರಿನ ಮೊದಲಕ್ಷರ. ಕಿರೀಟದ ಕೆಳಗಿನ ಆ ಅಕ್ಷರದ ಹಾಗೆಯೇ. ನಾನು ಬರೆದ ಒಂದೆರಡು ಬ್ರಾಕೆಟ್‌ಗಳು ಯಾವುದರೊಳಗೆ ಕೂರುತ್ತವೆ ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅಳತೆ ಸರಿ ಬಂದರೆ ಸಾಕು ಅಂದುಕೊಂಡಿದ್ದೆ. ಪೌಲ್ ಮೌಸರ್ ಕೂಡ ಹಾಗೇ ಅಂದುಕೊಂಡಿದ್ದನೇನೋ. ಬೆಂಗಳೂರಿನಲ್ಲಿ ಏರೋಸ್ಪೇಸ್, ಡಿಫೆನ್ಸ್ ಅಂತ ಕೆಲಸಕ್ಕೆ ಸೇರುತ್ತಿರುವ ನನ್ನ ಕಿರಿಯ ಗೆಳೆಯರಿಗೆ ಆ ಕೆಲಸ ಬಿಡಿ ಅಂತ ನಾನು ಹೇಳೋದಿಲ್ಲ. ಕೇಳಿ ಅಂತೀನಿ. ಭಾಗ ಎಲ್ಲಿಗೆ ಹೋಗುತ್ತೆ, ಕೊಳ್ಳೋರು ಯಾರು, ಅಂತ.

ಗೆಳೆಯ ಕೊನೆಗೆ ಅರವನ್ನು ಡಬ್ಬಕ್ಕೆ ಹಾಕಿದ. ತುಕ್ಕು ಹಿಡಿಯದ ಹಾಗೆ ಎಣ್ಣೆ ಒರೆಸಿ, ಯಾವ ಗುರುತು ಎಲ್ಲಿಯದು, ಯಾರು ಹಾಕಿದ್ದು ಅಂತ ಒಂದು ಕಾಗದದಲ್ಲಿ ಬರೆದು ರೈಫಲ್ ಪಕ್ಕ ಇಟ್ಟಿದ್ದಾನೆ. ಅದರ ಫೋಟೋ ಕಳಿಸಿದ್ದ. ಬಿ-ವೈ-ಎಫ್ ಎದುರು ಓಬರ್ನ್‌ಡಾರ್ಫ್ ಅಂತ ಬರೆದು, ಅದರ ಕೆಳಗೆ ಸಣ್ಣಕ್ಷರದಲ್ಲಿ ಬಲವಂತದ ದುಡಿಮೆ ಅಂತಲೂ ಸೇರಿಸಿದ್ದಾನೆ.